ಅಡ್ಡಬಿದ್ದ ಹಲ್ಲು

ಶಹಾಪೇಟೆಯ ನನ್ನ ದವಾಖಾನೆಗೆ
ಬುಧವಾರ ಮಧ್ಯಾಹ್ನ, ಗಲ್ಲಕ್ಕೆ ವಲ್ಲಿ ಕಟ್ಟಿಕೊಂಡು
ಬಂದರು ಪ್ರವಚನದ ಚನಮಲ್ಲಯ್ಯನವರು.
ಶ್ರಾವಣದ ಹನ್ನೆರಡನೆಯ ದಿನ.
ಹಿಂದಿನ ರಾತ್ರಿಯಷ್ಟೇ ಧ್ವನಿವರ್ಧಕ
ನಮ್ಮ ಮಾಳಿಗೆಯ ತನಕ ತಂದಿತ್ತು ಅವರ ಮಾತು:
"ಮಂಗ್ಯಾನಿಂದ ಮನಶ್ಯಾ ಆದನಂತ!
ಹಂಗಾರ ನಿಮ್ಮ ಓಣ್ಯಾಗಿನ ಮಂಗ್ಯಾ
ಯಾಕ ಇನ್ನೂ ಅರ್ಜಿ ಹಾಕಿಲ್ಲ?
ಮಾಡಿದಾಂವಾ ಒಮ್ಮೆ ಮಾಡ್ಯಾನ,
ಅಳತಿ ತಗೊಂಡು ಮಾಡ್ಯಾನ."
ಮಂದಿ ನಕ್ಕಿದ್ದರು.
ಒಗ್ಗರಣೆ ಸೌಟು ಹಿಡಿದು ನಾನೂ ನಕ್ಕಿದ್ದೆ.

"ಬಾಯಿ ತೆಗೀರಿ."
ಎರಡು ಬೆರಳಷ್ಟೂ ತೆರೆಯಲಿಲ್ಲ.
ಎಕ್ಸ್‌ರೇ ಹಿಡಿದೆ ಬೆಳಕಿಗೆ:
ಕೆಳದವಡೆಯ ತುದಿಯಲ್ಲಿ, ಜಾಗವಿಲ್ಲದೆ,
ಮುಂದಿನ ಹಲ್ಲಿನ ಬೇರಿಗೆ ಹಣೆಯಿಟ್ಟು
ಅಡ್ಡಬಿದ್ದಿತ್ತು ಬುದ್ಧಿಹಲ್ಲು,
ಗದ್ದಿಗೆಯ ಮುಂದೆ ಬಿದ್ದ ಭಕ್ತನ ಹಾಗೆ,
ಏಳಲಾರದೆ.

ಅಳತಿ... ಎಂದು ಶುರುಮಾಡಿದವಳು ನುಂಗಿಕೊಂಡೆ.
ನೋವಲ್ಲಿದ್ದವರ ಜೊತೆ ವಾದ ಹೂಡಬಾರದು.
ಬಿಸ್ಮಿಲ್ಲಾ ಅಂದು ಸೂಜಿ ಚುಚ್ಚಿದೆ.
ಶಿವಶಿವಾ ಅಂದರು ಅವರು.
ನಡುವೆ ಇಂಜೆಕ್ಷನ್ನು
ತನ್ನ ಪಾಡಿಗೆ ತಾನು ಕೆಲಸ ಮಾಡಿತು.

ಹಲ್ಲು ಬಂತು, ಮೂರು ತುಂಡಾಗಿ.
ಬಾಯ್ತುಂಬ ಹತ್ತಿ. ಔಷಧಿ ಚೀಟಿಯ ಬೆನ್ನಿಗೆ ಬರೆದರು:
"ಹಂಗಾರ ಅಂವಾ ಅಳತಿ ತಪ್ಪಿದ್ನೇನ್ರಿ?"

"ತಪ್ಪಾಕ ಅಳತಿ ತಗೊಂಡಾಂವರ ಯಾರ್ರಿ?
ಹಸಿ ಗಡ್ಡಿ, ಹಸಿ ಮಾಂಸ ಜಗಿಯೂ ಕಾಲಕ್ಕ
ಈ ದವಡಿ ಉದ್ದಿತ್ತು, ಮೂವತ್ತೆರಡಕ್ಕೂ ಜಾಗಾ ಇತ್ತು.
ಬೆಂಕಿ ಬಂತು. ಬೀಸೂ ಕಲ್ಲು ಬಂತು.
ಕೂಸುಗಳು ಮೆತ್ತಗಿಂದು ತಿಂದು ಬೆಳದು
ದವಡಿ ಸಣ್ಣದಾತು. ಹಲ್ಲಿಗೆ ಸುದ್ದಿ ಮುಟ್ಟಲಿಲ್ಲ.
ನನ್ನ ಮಗಳಿಗೆ ಈ ಹಲ್ಲು ಹುಟ್ಟೇ ಇಲ್ಲ,
ಅಕೀಗೆ ಮುಟ್ಟೇತಿ.
ಮತ್ತ ಆ ಮಂಗ್ಯಾ ನಮ್ಮ ಮುತ್ಯಾ ಅಲ್ಲರಿ, ದಾಯಾದಿ.
ಇಬ್ಬರಿಗೂ ಮುತ್ಯಾ ಒಬ್ಬಾಂವ, ಸತ್ತು ಭಾಳ ದಿನಾ ಆತು.
ದಾಯಾದಿ ಯಾಕ ಅರ್ಜಿ ಹಾಕಬೇಕು?
ಅವನ ಪಾಲಿನ ಹುಣಸಿಗಿಡ ಅವಗ ಐತಿ."

"ನಾವು ಕಟಕ್ ರೊಟ್ಟಿ ತಿಂದವರು" ಎಂದು ಬರೆದು
ನಗಲು ಹೋದರು. ರಕ್ತ ಬಂತು.

ಇಷ್ಟೆಲ್ಲ ಹೇಳಿದವಳು ಒಂದು ಹೇಳಲಿಲ್ಲ.
ನಾನಿಮಾ ತೀರಿಕೊಂಡಾಗ ಕಬರಸ್ತಾನಕ್ಕೆ ಹೋದದ್ದು ಗಂಡಸರು.
ಮೂರು ಹಿಡಿ ಹಾಕಿ ಬಂದ ತಮ್ಮನ ಕೈಗೆ
ತಂಬಿಗೆ ನೀರು ಸುರಿದವಳು ನಾನು.
ಬಚ್ಚಲಲ್ಲಿ ಎರಿಮಣ್ಣು ಕರಗಿ ಹರಿಯುತ್ತಿತ್ತು.
"ಆದಮನ್ನ ಮಣ್ಣಿಂದನ ಮಾಡಿದ್ದು, ಬೇಟಿ"
ಎನ್ನುತ್ತಿದ್ದವಳಿಗೆ
ಅಲ್ಲ ಅನ್ನಲು, ಅವತ್ತು, ಬಾಯಿ ಬರಲಿಲ್ಲ.
ಇವತ್ತೂ ಆ ಬಚ್ಚಲು ತೊಳೆಯುವಾಗ ಬರುವುದಿಲ್ಲ.
ಎಕ್ಸ್‌ರೇ ಮುಂದೆ ಬರುತ್ತದೆ.

ಶನಿವಾರ ರಾತ್ರಿ ಧ್ವನಿವರ್ಧಕ ಮತ್ತೆ ಎದ್ದಿತು,
ಗಲ್ಲ ಬಾತವರ ದನಿ, ತುಸು ದಪ್ಪಗೆ:
"ಮಾಡಿದಾಂವಾ ಒಮ್ಮೆ ಮಾಡ್ಯಾನ,
ಅಳತಿ..."
ನಿಂತರು.
ನನಗೆ ಗೊತ್ತು, ನಾಲಿಗೆ ಆ ಗುಳಿಗೆ ಹೋಗಿದೆ.
ಎಲ್ಲರದೂ ಹೋಗುತ್ತದೆ, ಬೇಡ ಅಂದರೂ.

ಕಿವಿಯೊಳಗೆ ಮೂರು ಎಲುಬು, ಅಕ್ಕಿಕಾಳಿನಷ್ಟು.
ಎರಡು, ಬಹಳ ಹಿಂದೆ, ದವಡೆಯವೇ;
ಹಲ್ಲಿಯಂಥ ಯಾವುದೋ ಜೀವ
ಅವುಗಳನ್ನೇ ಕೀಲು ಮಾಡಿಕೊಂಡು ಹುಳ ಕಚ್ಚುತ್ತಿತ್ತು.
ಕಚ್ಚುವ ಕೆಲಸ ಬಿಟ್ಟು ಕೇಳುವ ಕೆಲಸಕ್ಕೆ ಬಂದವು.
ಶಾಮಿಯಾನದ ಕೆಳಗೆ ಕೂತ ಅಷ್ಟೂ ಮಂದಿಯ ತಲೆಯಲ್ಲಿ,
ಗುಮ್ಮಟದ ಕಡೆಯ ಗೂರ್ಖಾನ ತಲೆಯಲ್ಲಿ,
ನನ್ನ ತಲೆಯಲ್ಲಿ,
ಆ ಹಳೆಯ ದವಡೆಗಳು ಕಾದವು.

ಸ್ವಾಮಿಗಳು ಕೆಮ್ಮಿದರು.
"ಅಳತೀ ಮಾತು ನಾಳೆ ನೋಡೂಣು."
ಮಂದಿ ನಕ್ಕರು, ಯಾಕೆಂದು ತಿಳಿಯದೆ.
ನಾನು ಕುಕ್ಕರ್ ಇಳಿಸಿದೆ.

ಬುಧವಾರ ಬರುತ್ತಾರೆ, ಹೊಲಿಗೆ ಬಿಚ್ಚಲು.